ಅಳಿಸಬಾರದಿದ್ದ ಪುಟ

‘ದಯವಿಟ್ಟು’ ಅಂತ ಒಂದು ಪದ ಸೇರಿಸಬಹುದಿತ್ತು... ಛೆ!

ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದವಳ ಎದೆಯಲ್ಲಿ ಕುಟುಕುತ್ತಿದ್ದದ್ದು ಅದೊಂದೇ ಕೊರಗು. ಪದವಿ ಮುಗಿಸಿ, ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಾ ಕೂಡಿಸಿದ ದುಡ್ಡಿನಲ್ಲಿ ಅವಳೊಂದು ಲ್ಯಾಪ್‌ಟಾಪ್ ಕೊಂಡಿದ್ದಳು. ಕೊಂಡದ್ದು ಈ ಮಹಡಿಯ ಮೇಲಿನ ಪುಟ್ಟ ಜಾಲತಾಣದ ಮಾತು ನಂಬಿ. ಕಂಪ್ಯೂಟರ್ ಲೋಕದ ಸುದ್ದಿ ಬರೆಯುವ, ಯಾವ ಕಂಪನಿಯ ಹಂಗಿಗೂ ಬೀಳದ ತಾಣ ಅದು. ‘ಈ ಯಂತ್ರ ಸದ್ದೇ ಮಾಡುವುದಿಲ್ಲ’ ಎಂದು ಅಲ್ಲಿ ಬರೆದಿತ್ತು. ಮನೆಗೆ ತಂದು ನೋಡಿದರೆ, ಚಾರ್ಜಿಗೆ ಹಾಕಿದಾಗಲೆಲ್ಲ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿತ್ತು!

ಅದನ್ನೇ ಮೇಲ್ ಮಾಡಿದ್ದಳು. ‘ಸದ್ದು ಮಾಡುತ್ತದೆ. ನೀವು ಕಿಟಕಿ ತೆರೆದಿಟ್ಟುಕೊಂಡು ಪರೀಕ್ಷೆ ಮಾಡಿರಬೇಕು.’ ಅಷ್ಟೇ. ಒರಟು... ತೀರಾ ಒರಟು!

ಬಂದ ಉತ್ತರ ಇನ್ನೂ ಚುಟುಕಾಗಿತ್ತು. ‘ನಾಳೆ ಬೆಳಿಗ್ಗೆ ಕಚೇರಿಗೆ ಬನ್ನಿ. ಲ್ಯಾಪ್‌ಟಾಪ್ ತನ್ನಿ.’

ಬಾಗಿಲು ತೆರೆದವನು ಕೆದರಿದ ತಲೆಯ ಯುವಕ. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದ್ದ. ಕೈಯಲ್ಲೊಂದು ಸ್ಕ್ರೂ ಡ್ರೈವರ್. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಕಿಟಕಿ ಅಂತ ಬರೆದೋರು ನೀವಾ?"

ಅವಳು ತಲೆಯಾಡಿಸಿದಳು.

"ಈ ರೂಮಿಗೆ ಇವತ್ತೇ ಮೊದಲು ಬರ್ತಿರೋದು. ಮತ್ತೆ ಇಲ್ಲಿ ಕಿಟಕಿ ತೆರೆದಿರುತ್ತೆ ಅಂತ ನಿಮಗೆ ಹೇಗೆ ಗೊತ್ತು?"

"ನೀವು... ನಿಮ್ಮ ಬರಹದಲ್ಲೆಲ್ಲ... ಕೀಲಿಗಳ ಮೇಲೆ ಧೂಳು ಕೂರುತ್ತೆ ಅಂತ ಬರೀತೀರ. ಎಲ್ಲಾ ಯಂತ್ರಕ್ಕೂ ಅದೇ ದೂರು... ಅಂದ್ರೆ ಕಿಟಕಿ ತೆರೆದೇ ಇರುತ್ತೆ, ಬೀದಿ ಸದ್ದಲ್ಲಿ ಇದರ ಸದ್ದು ಕೇಳಿಸಿಲ್ಲ..."

ಮಾತು ಅವಳ ಬಾಯಿಂದ ಹೊರಬಿತ್ತೋ ಇಲ್ಲವೋ ಎಂಬಷ್ಟು ಮೆಲ್ಲಗಿತ್ತು. ಆದರೆ ಒಳಕೋಣೆಯಿಂದ ಗೊಳ್ಳೆಂದು ನಗು ಕೇಳಿಸಿತು.

"ಏಯ್, ಆ ಹುಡುಗಿನ ಹೆದರಿಸಬೇಡ್ವೋ! ತಪ್ಪು ಮಾಡಿದೋನು ನೀನು, ವಿಚಾರಣೆ ಅವಳಿಗಾ?"

ನಗುತ್ತಾ ಕುಂಟುತ್ತಾ ಬಂದವರು ಅವನ ಅಕ್ಕ. ತಾಣವನ್ನು ಕಟ್ಟಿದವರು ಅವರೇ. ಅವನು ಕಿಟಕಿ ಮುಚ್ಚಿ, ಅವಳ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಕಿವಿಗೊಟ್ಟ. ಗುಂಯ್! ಕೆಂಪಾದ ಮುಖದಲ್ಲೇ ಅವಳಿಗೆ ಕುರ್ಚಿ ಎಳೆದ.

"ಕೂತ್ಕೊಳ್ಳಿ. ನೀವೇ ಗೀಟು ಹೊಡೀರಿ."

ಆ ತಾಣದ ಪದ್ಧತಿಯೇ ಹಾಗೆ. ಒಮ್ಮೆ ಪ್ರಕಟಿಸಿದ್ದನ್ನು ಯಾವ ಕಾರಣಕ್ಕೂ ಅಳಿಸುವ ಹಾಗಿಲ್ಲ. ತಪ್ಪಾಗಿದ್ದರೆ ಆ ಸಾಲಿನ ಮೇಲೆ ಓದಲು ಬರುವಂತೆಯೇ ಒಂದು ಗೀಟು. ಪಕ್ಕದಲ್ಲಿ ಸರಿಯಾದ ಸಾಲು. ಕೆಳಗೆ, ತಪ್ಪು ಮಾಡಿದವರ ಹೆಸರು. ಮುಚ್ಚುಮರೆ ಇಲ್ಲ.

ಅವಳು ‘ಸದ್ದೇ ಮಾಡುವುದಿಲ್ಲ’ ಎಂಬುದರ ಮೇಲೆ ಗೀಟು ಎಳೆದಳು. ಕೆಳಗೆ ಅವನು ತನ್ನ ಹೆಸರನ್ನು ತಾನೇ ಬರೆದ. ಬರೆಯುವಾಗ ಅವನ ಮೊಣಕೈ ಅವಳ ಭುಜಕ್ಕೆ ತಾಗಿತು.

‘ಇವನಿಗೆ ನಾಚಿಕೆಯೇ ಆಗುವುದಿಲ್ಲವೇ...’ ಅಂದುಕೊಂಡಳು. ಮರುಕ್ಷಣವೇ ಹೊಳೆಯಿತು. ನಾಚಿಕೆ ಆಗುತ್ತಿತ್ತು. ಆದರೂ ಬರೆಯುತ್ತಿದ್ದ.

ಅಕ್ಕ ಅವಳನ್ನೇ ದಿಟ್ಟಿಸುತ್ತಿದ್ದರು. "ಮಾತು ಕಮ್ಮಿ, ಕಿವಿ ಚುರುಕು. ನಾಳೆಯಿಂದ ಕೆಲಸಕ್ಕೆ ಬಾ ಕಣೇ. ಮಾತೆಲ್ಲ ಪಿಸುಪಿಸು ಅಂತೀಯ... ಇನ್ಮೇಲೆ ನಿನ್ನ ಹೆಸರು ಪಿಸು."

ಹೀಗೆ ಅವಳು ಪಿಸು ಆದಳು.

ಕೆಲಸಕ್ಕೆ ಸೇರಿದ ಮೇಲೆ ತಾಣದ ಕತೆಯೆಲ್ಲ ಅಕ್ಕನ ಬಾಯಿಂದಲೇ ಕೇಳಿದಳು. ಅಕ್ಕ ಮೊದಲು ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ಓದುಗರ ಪತ್ರ ನೋಡಿಕೊಳ್ಳುತ್ತಿದ್ದರಂತೆ. ಪತ್ರಿಕೆ ಮುಚ್ಚಿತು. ಪತ್ರ ಬರುವುದು ಮಾತ್ರ ನಿಲ್ಲಲಿಲ್ಲ.

"ಸತ್ತ ಮನೆಗೆ ಮದುವೆ ಕರೆಯೋಲೆ ಬಂದ ಹಾಗೆ! ಪ್ರಿಂಟರ್ ಕಾಗದ ನುಂಗ್ತಿದೆ, ಏನು ಮಾಡ್ಲಿ ಮೇಡಂ... ಪಾಪ, ಬರೆದೋರಿಗೆ ಉತ್ತರ ಕೊಡೋರು ಯಾರು? ಒಂದು ವೆಬ್ ಪೇಜ್ ಮಾಡಿ ಅದರಲ್ಲಿ ಟೈಪ್ ಮಾಡ್ತಾ ಕೂತೆ. ಅದೇ ಬೆಳೀತು."

ಬೆಳೆದದ್ದು ಬಹಳವೇನಲ್ಲ. ಎರಡು ಕೋಣೆ, ಗುರ್ರೆನ್ನುವ ಒಂದು ಸರ್ವರ್, ತಿಂಗಳಿಗೊಮ್ಮೆ ಓದುಗರು ಕಳಿಸುವ ಚಂದಾ. ಆದರೆ ಮರ್ಯಾದೆ ದೊಡ್ಡದು. ಕಂಪನಿಗಳು ವಿಮರ್ಶೆಗೆಂದು ಆರಿಸಿ ಆರಿಸಿ ಕಳಿಸುವ ಯಂತ್ರಗಳನ್ನು ಇವರು ಮುಟ್ಟುತ್ತಿರಲಿಲ್ಲ. ಯಾರೋ ಗಿರಾಕಿಯ ಹಾಗೆ ಅಂಗಡಿಗೆ ಹೋಗಿ ಕೊಂಡು ತಂದು, ಬಿಚ್ಚಿ, ಅಳೆದು, ಬರೆದ ಮೇಲೆ ಓದುಗರಿಗೇ ಮಾರಿಬಿಡುತ್ತಿದ್ದರು. ತೂಕ, ಬಿಸಿ, ಬೆಳಕು, ಸದ್ದು... ಎಲ್ಲವನ್ನೂ ಅಳೆಯುವ ತಮ್ಮನಿಗೆ ಓದುಗರು ಇಟ್ಟ ಹೆಸರು ‘ಅಳತೆಗಾರ’.

ಕಿಟಕಿಯ ಪ್ರಕರಣ ಆದಮೇಲೆ ಸದ್ದಿನ ಪರೀಕ್ಷೆಗೆ ಹೊಸ ಏರ್ಪಾಡಾಯಿತು. ಉಗ್ರಾಣದ ಗೋಡೆಗೆಲ್ಲ ಹಳೆಯ ಹಾಸಿಗೆ ಒರಗಿಸಿ, ಬೀದಿಯಲ್ಲಿ ಬಸ್ಸು ಓಡಾಡುವ ಮೊದಲೇ ಬೆಳಗಿನ ಜಾವ ಇಬ್ಬರೂ ಒಳಗೆ ಕೂರಬೇಕು. ಅವನು ಮೀಟರ್ ಹಿಡಿಯುವುದು, ಅವಳು ಬರೆದುಕೊಳ್ಳುವುದು.

"ಉಸಿರು ಹಿಡಿ," ಅನ್ನುತ್ತಿದ್ದ.

ಇಬ್ಬರೂ ಉಸಿರು ಹಿಡಿಯುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಇಕ್ಕಟ್ಟು. ಒಂದು ದಿನ ಮೀಟರಿನ ಅಂಕಿ ಇದ್ದಕ್ಕಿದ್ದಂತೆ ಮೇಲೇರಿತು.

"ಯಾರು ಉಸಿರು ಬಿಟ್ಟಿದ್ದು?"

"ನಾನಲ್ಲ," ಅಂದಳು.

"ನಾನೂ ಅಲ್ಲ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಂತ್ರವಂತೂ ಇನ್ನೂ ಆನ್ ಆಗಿರಲಿಲ್ಲ! ಅವನು ನಕ್ಕುಬಿಟ್ಟ. ನಗುವಾಗ ಅವನ ಎಡಗಣ್ಣು ಮಾತ್ರ ಪೂರ್ತಿ ಮುಚ್ಚಿಕೊಳ್ಳುವುದನ್ನು ಅವಳು ಅಂದು ಮೊದಲ ಸಲ ಇಷ್ಟು ಹತ್ತಿರದಿಂದ ಕಂಡಳು. ಆ ದಿನದ ಅಳತೆ ಪೂರಾ ಹಾಳಾಯಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಫೋನ್ ತೆಗೆದು ಅದನ್ನೆಲ್ಲ ಡೈರಿಗೆ ಬರೆದಳು. ಬಾಯಿಂದ ಆಡಲಾರದ್ದನ್ನೆಲ್ಲ ಅವಳು ಅಲ್ಲಿ ಸುರಿಯುತ್ತಿದ್ದಳು. ಅಪ್ಪ ಮನೆ ಬಿಟ್ಟು ಹೋದದ್ದು, ಅಮ್ಮನ ಮೇಲಿನ ಸಿಟ್ಟು, ಅಳತೆಗಾರನ ಎಡಗಣ್ಣು... ಎಲ್ಲ.

ಬರೆಯುತ್ತಿದ್ದದ್ದು ಒಂದು ಕೀಬೋರ್ಡ್ ಆ್ಯಪಿನಲ್ಲಿ. ನಮ್ಮ ಅಕ್ಷರದಲ್ಲಿ ಸುಲಭವಾಗಿ ಟೈಪ್ ಮಾಡಲು ಬರುವ, ಊರೆಲ್ಲ ಬಳಸುವ ಆ್ಯಪ್ ಅದು.

ಒಂದು ದಿನ ಓದುಗರೊಬ್ಬರ ಪತ್ರ ಬಂತು. ಆ ಕೀಬೋರ್ಡ್ ಹಾಕಿದಾಗಿನಿಂದ ಫೋನಿನ ಡೇಟಾ ಬೇಗ ಖಾಲಿಯಾಗುತ್ತಿದೆಯಂತೆ. ಅಳತೆಗಾರ ಪಿಸುವಿನ ಫೋನನ್ನು ಕಚೇರಿಯ ವೈಫೈಗೆ ಜೋಡಿಸಿದ. ಫೋನಿನಿಂದ ಹೊರಹೋಗುವ ಪ್ರತಿಯೊಂದನ್ನೂ ದಾರಿಯಲ್ಲೇ ತಡೆದು, ಬಿಚ್ಚಿ, ತನ್ನ ಪರದೆಯ ಮೇಲೆ ನೋಡುವ ಏರ್ಪಾಡು ಅವನ ಬಳಿ ಇತ್ತು.

"ಏನಾದ್ರೂ ಟೈಪ್ ಮಾಡು. ಕಳಿಸಬೇಡ, ಸುಮ್ನೆ ಬರೆದು ಅಳಿಸಿಬಿಡು."

ಎಲ್ಲಿಗೂ ಹೋಗದ ಮಾತಲ್ಲವೇ ಎಂದು ಅವಳು ತೋಚಿದ್ದನ್ನು ಬರೆದಳು. ಬರೆದು ಅಳಿಸಿದಳು. ಎದುರು ಮೇಜಿನಲ್ಲಿ ಅವನು ಪರದೆಗೆ ಬಾಗಿದ. ಆಮೇಲೆ ನಿಧಾನಕ್ಕೆ ತಲೆ ತಗ್ಗಿಸಿ ತನ್ನ ಅಂಗಿ ನೋಡಿಕೊಂಡ.

"ಹೌದು... ಗುಂಡಿ ಬಿದ್ದುಹೋಗಿದೆ."



‘ಇವರ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದೆ, ಹೇಳಲೋ ಬೇಡವೋ’ ಎಂದು ಅವಳು ಬರೆದು ಅಳಿಸಿದ್ದ ಸಾಲು ಅಕ್ಷರ ತಪ್ಪದೆ ಅವನ ಪರದೆಯ ಮೇಲಿತ್ತು! ಕಂಪನಿಯ ಕಂಪ್ಯೂಟರಿಗೆ ಹೊರಟಿದ್ದ ಸಾಲು!

ಅವನು ನಗಲು ಹೊರಟವನು ಅವಳ ಮುಖ ಕಂಡು ನಿಲ್ಲಿಸಿದ.

"ಪಿಸು... ನೀನು ಡೈರಿ ಇದರಲ್ಲೇ ಬರೀತೀಯಾ?"

ಅವಳು ತಲೆಯಾಡಿಸಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಬಿಡು, ಇದನ್ನ ನಾನು ಬರೀತೀನಿ."

"ಬೇಡ," ಅಂದಳು. ಅಷ್ಟು ಗಟ್ಟಿಯಾಗಿ ಅವಳು ಆ ಕಚೇರಿಯಲ್ಲಿ ಮಾತಾಡಿದ್ದು ಅದೇ ಮೊದಲು. "ನಾನು ಬರೀತೀನಿ."

ಬೇರೆ ಬೇರೆ ಫೋನುಗಳಲ್ಲಿ ಪರೀಕ್ಷಿಸಿದಳು. ತಾಣದ ಪದ್ಧತಿಯಂತೆ ಕಂಪನಿಗೇ ಮೊದಲು ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾದಳು. ‘ಬಳಕೆದಾರರ ಗುಟ್ಟು ನಮಗೆ ಪ್ರಾಣಕ್ಕಿಂತ ಹೆಚ್ಚು’ ಎಂಬ ಉತ್ತರ ಬಂತು. ಅದನ್ನೂ ಹಾಗೆಯೇ ಹಾಕಿದಳು. ಅವಳ ಹೆಸರು ಹೊತ್ತ ಮೊದಲ ಲೇಖನ! ಸಂಜೆಯೊಳಗೆ ಸಾವಿರಾರು ಜನ ಓದಿದರು. ಓದು ಬರೆಹಕ್ಕೆ ಅಷ್ಟಕ್ಕಷ್ಟೇ ಆಗಿದ್ದ ಅಮ್ಮ ಪಕ್ಕದ ಮನೆಯವರನ್ನೆಲ್ಲ ಕರೆದು ಮಗಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು.

ಅವಳ ಬದುಕಿನಲ್ಲಿ ಅಷ್ಟು ಸುಖವಾದ ಸಂಜೆ ಇನ್ನೊಂದಿರಲಿಲ್ಲ.

ಮರುದಿನ ಕಚೇರಿಗೆ ಬರುವಾಗ ಮೆಟ್ಟಿಲಲ್ಲಿ ಒಬ್ಬ ಮನುಷ್ಯ ಇಳಿದು ಬರುತ್ತಿದ್ದ. ಹೊಳೆಯುವ ಬೂಟು, ಅದಕ್ಕಿಂತ ಹೊಳೆಯುವ ನಗೆ. ಅವಳಿಗೆ ದಾರಿ ಬಿಟ್ಟು ಬದಿಗೆ ಸರಿದು, ಪರಿಚಯದವನ ಹಾಗೆ ನೋಡಿ ನಕ್ಕ. ಅವನ ಕೈಚೀಲದ ಮೇಲೆ ಆ ಕೀಬೋರ್ಡ್ ಕಂಪನಿಯ ಗುರುತಿತ್ತು.

ಮೇಲೆ, ಬಾಗಿಲಲ್ಲೇ ಅಳತೆಗಾರ ನಿಂತಿದ್ದ. ಅವನು ಆ ಮನುಷ್ಯನನ್ನು ಬೀಳ್ಕೊಡಲು ಬಂದಿದ್ದ ಎಂದೇ ಅವಳಿಗೆ ಅನಿಸಿತು.

ಕುರ್ಚಿಯಲ್ಲಿ ಕೂತು ತನ್ನ ಲೇಖನ ತೆರೆದಳು.

‘ಕ್ಷಮಿಸಿ, ಈ ಪುಟ ಸಿಗುತ್ತಿಲ್ಲ.’

ಮತ್ತೆ ತೆರೆದಳು. ಮತ್ತೆ. ಗೀಟು ಇಲ್ಲ, ತಿದ್ದುಪಡಿ ಇಲ್ಲ, ಯಾರ ಹೆಸರೂ ಇಲ್ಲ... ಪುಟವೇ ಇಲ್ಲ! ತಾಣ ಹುಟ್ಟಿದಾಗಿನಿಂದ ಒಂದೇ ಒಂದು ಸಾಲನ್ನೂ ಅಳಿಸದವರು ಅವಳ ಬರಹವನ್ನು ಬೇರು ಸಮೇತ ಕಿತ್ತುಹಾಕಿದ್ದರು.

"ನನ್ನ ಲೇಖನ..." ಅವಳು ಅವನತ್ತ ತಿರುಗಿದಳು.

"ನಾನೇ ತೆಗೆದೆ." ಅವನು ಅವಳತ್ತ ನೋಡಲಿಲ್ಲ.

"ಯಾಕೆ?"

"ಕೇಳಬೇಡ, ಪಿಸು. ನನ್ನ ಮೇಲೆ ನಂಬಿಕೆ ಇದ್ರೆ ಕೇಳಬೇಡ."

"ಅದರಲ್ಲಿ ತಪ್ಪಿತ್ತಾ?"

"ಇಲ್ಲ."

"ತಪ್ಪಿಲ್ದೇ ಇರೋದನ್ನ..."

"ಇಲ್ಲ ಅಂದ್ನಲ್ಲ! ಸಾಕು, ಬಿಟ್ಬಿಡು!"

ಅವನು ಅವಳ ಮೇಲೆ ಕೂಗಾಡಿದ್ದು ಅದೇ ಮೊದಲು. ಅಕ್ಕ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರೇನೋ. ಆದರೆ ಅಕ್ಕ ಮಂಡಿಯ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದರು.

ಮಧ್ಯಾಹ್ನದೊಳಗೆ ಓದುಗರು ಕೇಳತೊಡಗಿದರು. ‘ಪುಟ ಎಲ್ಲಿ?’ ‘ಎಷ್ಟಕ್ಕೆ ವ್ಯಾಪಾರ ಆಯ್ತು?’ ‘ನೀವೂ ಇಷ್ಟೇನಾ?’ ಅಳತೆಗಾರ ಒಂದಕ್ಕೂ ಉತ್ತರ ಕೊಡಲಿಲ್ಲ. ಅವಳು ಒಂದೊಂದನ್ನೂ ಓದಿದಳು. ಅವಳ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ ಜನ ಕೇಳುತ್ತಿದ್ದರು. ಹೊಳೆಯುವ ಬೂಟಿನವನು ಏನು ಕೊಟ್ಟು ಹೋದ?

‘ಅಳೆಯುವವನನ್ನೇ ಅಳೆದು ಕೊಂಡುಬಿಟ್ಟರು...’

ಸಂಜೆ ತನ್ನ ಚೀಲ ಹೆಗಲಿಗೇರಿಸಿ ಹೊರಟಳು. ಅವನು ಬಾಗಿಲವರೆಗೆ ಬಂದ.

"ನಾಳೆ ಬರ್ತೀಯಲ್ವಾ?"

ಅವಳು ಬರಿದೆ ಮೆಟ್ಟಿಲಿಳಿದಳು. ಆಮೇಲೆ ಅವನು ಮಾಡಿದ ಕರೆಗಳನ್ನು ಎತ್ತಲಿಲ್ಲ.

ಬೇರೆ ಕೆಲಸ ಸಿಕ್ಕಿತು. ಆನ್‌ಲೈನ್ ಅಂಗಡಿಯೊಂದಕ್ಕೆ ಸಾಮಾನುಗಳ ವಿವರ ಬರೆಯುವುದು. ಕೈಯಲ್ಲಿ ಮುಟ್ಟದ, ಕಣ್ಣಲ್ಲಿ ಕಾಣದ ಯಂತ್ರಗಳಿಗೆಲ್ಲ ‘ಅತ್ಯುತ್ತಮ’, ‘ಅದ್ಭುತ’, ‘ಸದ್ದೇ ಇಲ್ಲ’ ಎಂದು ಬರೆಯಬೇಕು. ಬರೆದಳು. ಬಾಯಿ ಕಹಿಯಾಗುತ್ತಿತ್ತು, ಆದರೂ ಬರೆದಳು. ಡೈರಿ ಬರೆಯುವುದನ್ನು ಮಾತ್ರ ಬಿಟ್ಟೇಬಿಟ್ಟಳು. ಬೆರಳು ಅಕ್ಷರದ ಮೇಲೆ ಹೋದರೆ ಯಾರೋ ಹಿಂದೆ ನಿಂತು ಓದುತ್ತಿರುವ ಹಾಗೆ ಬೆನ್ನು ಜುಮ್ಮೆನ್ನುತ್ತಿತ್ತು.

‘ಲೇಖನ ಎಲ್ಲಿ ಹೋಯ್ತೇ?’ ಎಂದು ಅಮ್ಮ ಕೇಳಿದ್ದಕ್ಕೆ, ‘ಹಳೇದಾದ್ರೆ ತೆಗೀತಾರಮ್ಮ’ ಎಂದು ಸುಳ್ಳು ಹೇಳಿದ್ದಳು.

ಅವನ ಮೇಲಿನ ಕೋಪ ಆರಲಿಲ್ಲ. ಅದಕ್ಕಿಂತ ಸಂಕಟದ ಮಾತೆಂದರೆ, ಅವನೂ ಮನಸ್ಸಿನಿಂದ ಹೋಗಲಿಲ್ಲ. ರಸ್ತೆಯಲ್ಲಿ ಯಾರದೋ ಕೆದರಿದ ತಲೆ ಕಂಡರೂ ಹೆಜ್ಜೆ ತಪ್ಪುತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು. ‘ಮಾರಿಕೊಂಡವನಿಗಾಗಿ ಇಷ್ಟು ನೋಯಬೇಕೇ?’

ಒಂದು ಭಾನುವಾರ ಅಕ್ಕ ಫೋನ್ ಮಾಡಿದರು.

"ಏಯ್ ಪಿಸು! ಬದುಕಿದೀಯೇನೇ? ಸೈಟು ಮುಚ್ತಾ ಇದೀವಿ. ನಿನ್ನ ಮಗ್ಗು, ಕೊಡೆ, ಆ ಹರಿದ ಚಪ್ಪಲಿ... ಎಲ್ಲಾ ಇಲ್ಲೇ ಬಿದ್ದಿದೆ. ಬಂದು ತಗೊಂಡು ಹೋಗು."

"ಮುಚ್ತಾ ಇದೀರಾ?"

"ಮತ್ತೇನು ಮಾಡ್ಲಿ? ಚಂದಾದಾರರು ಅರ್ಧಕ್ಕರ್ಧ ಬಿಟ್ಟುಹೋದ್ರು. ಉಳಿದೋರು ದಿನಾ ಬೈತಾರೆ. ನಿನ್ನ ಪುಟ ಯಾಕೆ ತೆಗ್ದೆ ಅಂತ ಆ ಮೂರ್ಖನ್ನ ಕೇಳಿದ್ರೆ ಕಲ್ಲಿನ ಹಾಗೆ ಕೂರ್ತಾನೆ. ನೀನಾದ್ರೂ ಬಂದು ಕೇಳು."

ಅವಳು ಹೋದದ್ದು ಕೊಡೆಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿದವರುಂಟೇ!

ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ತುಂಬಿದ್ದವು. ಊರುಗೋಲು ಹಿಡಿದ ಅಕ್ಕ ಕುರ್ಚಿಯಲ್ಲಿ ಕೂತಿದ್ದರು. ಅವನು ನೆಲದ ಮೇಲೆ ಮಂಡಿಯೂರಿ ಕೇಬಲ್ ಸುತ್ತುತ್ತಿದ್ದ. ಗಡ್ಡ ಬಿಟ್ಟಿದ್ದ, ಕೆನ್ನೆ ಬತ್ತಿತ್ತು. ಅವಳನ್ನು ಕಂಡು ಸುತ್ತುತ್ತಿದ್ದ ಕೇಬಲ್ ಕೈಜಾರಿ ಮತ್ತೆ ಬಿಚ್ಚಿಕೊಂಡಿತು.

"ನೋಡಿ ಚೆನ್ನಾಗಿದೆ," ಅಂದರು ಅಕ್ಕ. "ನಾನು ಮಂಡಿ ಚಿಪ್ಪು ಬದಲಾಯಿಸಿಕೊಂಡು ಬರೋದ್ರೊಳಗೆ ನೀವಿಬ್ರೂ ಸೇರಿ ಸೈಟಿನ ಸೊಂಟ ಮುರಿದಿದೀರಾ! ಈಗ ಮಾತಾಡಿ. ನಾನಂತೂ ಇಲ್ಲಿಂದ ಏಳಲ್ಲ. ಏಳೋಕೂ ಆಗಲ್ಲ."

ಅವಳು ನಿಂತಲ್ಲೇ ಕೇಳಿದಳು. "ಆ ಮನುಷ್ಯ ನಿಮಗೆ ಏನು ಕೊಟ್ಟ?"

ಅವನು ತಲೆಯೆತ್ತಿದ. "ಕೊಟ್ಟನಾ?"

"ಏನೂ ಕೊಡದೆ ಯಾರಾದ್ರೂ..."

"ಪಿಸು, ಅವನು ಕೊಡೋಕೆ ಬಂದಿರಲಿಲ್ಲ. ಓದೋಕೆ ಬಂದಿದ್ದ."

"ಏನನ್ನ?"

ಅವನು ಅಕ್ಕನತ್ತ ನೋಡಿದ. ಅಕ್ಕ ಊರುಗೋಲು ನೆಲಕ್ಕೆ ಕುಟ್ಟಿದರು. "ಹೇಳೋ!"

"ನೀನು ಕಂಪನಿಗೆ ಪ್ರಶ್ನೆ ಕಳಿಸಿದ್ದು ನಿನ್ನ ಸ್ವಂತ ಮೇಲ್ ಐಡಿಯಿಂದ. ಕೀಬೋರ್ಡಿಗೂ ಅದೇ ಐಡಿ ಕೊಟ್ಟಿದ್ದೆ. ಅವರಿಗೆ ನಿನ್ನನ್ನ ಹುಡುಕೋದು ಕಷ್ಟ ಆಗಲಿಲ್ಲ." ಅವನ ಧ್ವನಿ ತಗ್ಗಿತು. "ಅವನು ಮೊಬೈಲ್ ತೆಗೆದು ಒಂದು ಸಾಲು ಓದಿದ. ‘ಅಪ್ಪ ಮನೆ ಬಿಟ್ಟು ಹೋದ ದಿನ ನನಗೆ ಅಳು ಬರಲಿಲ್ಲ. ಹಸಿವಾಯಿತು. ಅಮ್ಮ ಅಳುತ್ತಿರುವಾಗ ಅಡುಗೆಮನೆಗೆ ಹೋಗಿ ಕದ್ದು ತಿಂದೆ.’"

ಅವಳು ಪಕ್ಕದ ಮೇಜು ಹಿಡಿದುಕೊಂಡಳು.

ಆ ಸಾಲು... ಅದು ಅಮ್ಮನಿಗೂ ಗೊತ್ತಿರಲಿಲ್ಲ! ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ!

"ಲೇಖನ ತೆಗೀದಿದ್ರೆ ಅದೆಲ್ಲ ಹೊರಗೆ ಬರುತ್ತೆ ಅಂದ. ಯಾರು ಬಿಟ್ಟರು ಅಂತ ಯಾರಿಗೂ ಗೊತ್ತಾಗದ ಹಾಗೆ ಬಿಡ್ತಾರಂತೆ. ಲೇಖಕಿಯ ತಲೆ ಸರಿ ಇಲ್ಲ ಅಂತ ಜನ ಅಂದ್ಕೋತಾರೆ ಅಂದ. ನೀನು... ಟೀ ಬೇಕು ಅಂತ ಕೇಳೋಕೂ ನಾಚ್ಕೊಳ್ಳೋಳು. ನಿನ್ನ ಡೈರಿ ಬೀದಿಲಿ ಓದಿದ್ರೆ ನೀನು ಉಳೀತೀಯಾ ಅಂತ ಭಯ ಆಯ್ತು. ಅವನು ಕುರ್ಚಿಯಿಂದ ಏಳೋದ್ರೊಳಗೆ ಪುಟ ತೆಗೆದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ಒಬ್ಬ ಅಪರಿಚಿತ ನಿನ್ನ ಡೈರಿ ಓದಿದಾನೆ ಅಂತ ನಿನಗೆ ಗೊತ್ತಾಗ್ತಿತ್ತಲ್ಲ! ಬೂಟು ಹಾಕ್ಕೊಂಡು ಮೆಟ್ಟಿಲಲ್ಲಿ ನಿನ್ನ ನೋಡಿ ನಕ್ಕನಲ್ಲ... ಆ ನಗು ಯಾಕೆ ಅಂತ ಗೊತ್ತಾಗ್ತಿತ್ತಲ್ಲ!"



ಇಂಥ ಕಡೆ ಕತೆಯ ನಾಯಕಿ ಓಡಿಹೋಗಿ ನಾಯಕನ ಎದೆಗೊರಗಬೇಕು. ಆದರೆ ಪಿಸುವಿನಲ್ಲಿ ಎದ್ದದ್ದು ಬೆಂಕಿ. ಇಷ್ಟು ದಿನ ಅವನು ಮಾರಿಕೊಂಡ ಎಂಬ ಕೋಪವಿತ್ತು. ಅದು ಹೋಯಿತು. ಅದರ ಜಾಗಕ್ಕೆ ಬಂದ ಕೋಪ ಅದಕ್ಕಿಂತ ದೊಡ್ಡದು.

"ನಿಮಗೆ... ನನ್ನನ್ನ ಕಾಪಾಡಿದೆ ಅಂತ ಅನ್ಸುತ್ತಾ?"

ಅವನು ಬಿಚ್ಚಿಹೋದ ಕೇಬಲನ್ನು ಮತ್ತೆ ಕೈಗೆತ್ತಿಕೊಂಡ.

"ಅವನು ನನ್ನ ಡೈರಿ ಕದ್ದ. ನೀವು ನನ್ನ ಲೇಖನ ಕದ್ರಿ. ಯಾರು ದೊಡ್ಡ ಕಳ್ಳ ಅಂತ ನೀವೇ ಅಳೆದು ಹೇಳಿ." ಮಾತು ಪಿಸುಗುಟ್ಟಿದಂತೆಯೇ ಇತ್ತು, ಆದರೆ ಒಂದೊಂದೂ ಸೂಜಿಯ ಹಾಗೆ ಇಳಿಯುತ್ತಿತ್ತು. "ಮೆಲ್ಲಗೆ ಮಾತಾಡ್ತಾಳೆ, ಪಾಪ, ಇವಳ ಕೈಲಿ ಏನಾಗುತ್ತೆ... ಅಂತ ನೀವೇ ತೀರ್ಮಾನ ಮಾಡಿದ್ರಿ. ಒಂದು ಮಾತು ನನ್ನ ಕೇಳಿದ್ರಾ? ನಾನು ಬೆಳಗಿಂದ ಸಂಜೆವರೆಗೆ ಸುಳ್ಳು ಬರೀತಿದೀನಿ ಈಗ. ಸದ್ದೇ ಇಲ್ಲ, ಸದ್ದೇ ಇಲ್ಲ ಅಂತ! ಅದಕ್ಕಿಂತ ಅವರು ಡೈರಿ ಓದಿದ್ರೇನೇ ಚೆನ್ನಾಗಿತ್ತು."

"ಪಿಸು..."

"ನಿಮ್ಮನ್ನ ಎಷ್ಟು ದ್ವೇಷ ಮಾಡಿದೆ ಗೊತ್ತಾ? ಅಷ್ಟೂ ದಂಡ ಆಯ್ತಲ್ಲ!"

ಅಕ್ಕ ಮೂಗು ಒರೆಸಿಕೊಂಡರು. "ದಂಡ ಏನಾಗಿಲ್ಲ ಬಿಡು, ಅರ್ಧ ಅವನಿಗೆ ಸಲ್ಲಬೇಕಾದ್ದೇ. ಈಗ ಹೇಳು, ಏನು ಮಾಡೋಣ?"

"ಪುಟ ವಾಪಸ್ ಹಾಕಿ," ಅಂದಳು.

"ಬೇಡ!" ಅವನು ಎದ್ದು ನಿಂತ. "ಅವರು ಸುಮ್ನಿರಲ್ಲ. ಎಲ್ಲಾ ಹೊರಗೆ ಹಾಕ್ತಾರೆ. ನಿಮ್ಮಮ್ಮನ ಬಗ್ಗೆ, ಅಕ್ಕನ ಬಗ್ಗೆ ಏನೇನೋ ಇದೆ ಅಂದಿದ್ದ..."

"ನನ್ನ ಬಗ್ಗೆ ಏನು ಬರೆದಿದೀಯೇ?" ಅಕ್ಕ ಕಣ್ಣರಳಿಸಿದರು.

"...ಬಾಯಿಬಡುಕಿ ಅಂತ."

"ಅದು ಊರಿಗೇ ಗೊತ್ತು. ಅದಕ್ಕೂ ಕಂಪ್ಯೂಟರ್ ಬೇಕಿತ್ತಾ ಅವರಿಗೆ? ಹಾಕೋ ಪುಟ! ಅಳಿಸಿದೀನಿ ಅಂತ ಮಾತ್ರ ಹೇಳಬೇಡ. ಹಳೇ ಬನಿಯನ್ ಬಿಸಾಕೋಕೂ ಮನಸ್ಸು ಬರದೋನು ನೀನು, ಎಲ್ಲೋ ಬಚ್ಚಿಟ್ಟಿರ್ತೀಯಾ."

ಬಚ್ಚಿಟ್ಟಿದ್ದ. ಅಕ್ಷರ ಕೆಡದ ಹಾಗೆ ಇಟ್ಟಿದ್ದ.

ಪೆಟ್ಟಿಗೆಯೊಳಗಿಂದ ಮಾನಿಟರ್ ಮತ್ತೆ ಹೊರಬಂತು. ಅವಳು ಕುರ್ಚಿಯಲ್ಲಿ ಕೂತಳು. ಲೇಖನದ ತಲೆಯ ಮೇಲೆ ಅವನು ನಿಂತೇ ಟೈಪ್ ಮಾಡಿದ: ‘ಈ ಪುಟವನ್ನು ಅಳಿಸಿದ್ದು ತಪ್ಪು. ತಪ್ಪು ಮಾಡಿದವನು ನಾನು.’ ಕೆಳಗೆ ತನ್ನ ಹೆಸರು. ಅವಳು ಲೇಖನದ ಕೊನೆಗೆ ಹೊಸ ಸಾಲುಗಳನ್ನು ಸೇರಿಸಿದಳು. ಕಂಪನಿಯ ಮನುಷ್ಯ ಬಂದದ್ದು, ತನ್ನ ಡೈರಿಯ ಸಾಲನ್ನು ಓದಿ ಬೆದರಿಸಿದ್ದು, ಎಲ್ಲವನ್ನೂ ಇದ್ದ ಹಾಗೆ. ‘ನಾನು ಬರೆದದ್ದು ಸುಳ್ಳಾಗಿದ್ದರೆ ಅವರ ಕೈಗೆ ನನ್ನ ಡೈರಿ ಹೇಗೆ ಬಂತು?’ ಎಂದು ಕೇಳಿ ಮುಗಿಸಿದಳು.

ಒತ್ತುವ ಮೊದಲು ಅವಳ ಬೆರಳು ತಡೆದು ನಿಂತಿತು.

"ಹಸಿವಾಗಿದ್ದ ವಿಷಯ... ಅಮ್ಮನಿಗೆ ಮೊದಲು ನಾನೇ ಹೇಳ್ಬೇಕು," ಅಂದಳು. "ಇವತ್ತೇ. ಬೇರೆಯವರ ಬಾಯಿಂದ ಕೇಳಬಾರದು."

ಒತ್ತಿದಳು. ಪುಟ ಹೊರಬಿತ್ತು.

ಏನೂ ಆಗಲಿಲ್ಲ. ಹಿಂದಿನ ಹಾಗೆ ಜನ ಮುಗಿಬೀಳಲಿಲ್ಲ. ಓದುಗರ ಅಂಕಿ ಆಮೆಯ ಹಾಗೆ ತೆವಳಿತು. ಮೊದಲು ಬಂದ ಮಾತು ‘ಈಗ ನೆನಪಾಯ್ತಾ?’ ಎಂಬುದು. ಮುರಿದ ನಂಬಿಕೆ ಒಂದು ಗುಂಡಿ ಒತ್ತಿದರೆ ಕೂಡುತ್ತದೆಯೇ? ನೋಟಿಸು ಬರುತ್ತದೆ, ಕೋರ್ಟು ಬರುತ್ತದೆ, ವರ್ಷಗಟ್ಟಲೆ ಅಲೆದಾಟ. ತಾಣ ಆಗಲೂ ಮುಚ್ಚಬಹುದು. ಮೂವರಿಗೂ ಅದು ಗೊತ್ತಿತ್ತು.

"ನಾನು ವಕೀಲರಿಗೆ ಫೋನ್ ಮಾಡ್ತೀನಿ," ಎಂದು ಅಕ್ಕ ಊರುಗೋಲೂರುತ್ತಾ ಒಳಕೋಣೆಗೆ ಹೋದರು. ಏಳಲಾಗುವುದಿಲ್ಲ ಎಂದಿದ್ದವರು ಎದ್ದದ್ದನ್ನು ಇಬ್ಬರೂ ಗಮನಿಸಿದರು, ಇಬ್ಬರೂ ಆಡಲಿಲ್ಲ.

ಅವನು ಪೆಟ್ಟಿಗೆಯೊಂದರ ಅಂಚಿನ ಮೇಲೆ ಕೂತ.

"ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ."

"ಕೇಳಬೇಡಿ. ಕ್ಷಮಿಸಿಲ್ಲ."

"ಹ್ಞೂಂ."

ಅವಳು ಪರದೆಯನ್ನೇ ನೋಡುತ್ತಿದ್ದಳು. ಕೇಳಬಾರದೆಂದುಕೊಂಡ ಪ್ರಶ್ನೆ ತಾನಾಗಿಯೇ ಹೊರಬಂತು. "ಅವನು... ನಿಮ್ಮ ಬಗ್ಗೆ ಬರೆದದ್ದನ್ನೂ ಓದಿದ್ನಾ?"

"ಓದೋಕೆ ಹೊರಟ. ‘ನಿಮ್ಮ ಬಗ್ಗೆಯೂ ಬಹಳ ಇದೆ ಸಾರ್’ ಅಂತ ನಕ್ಕ. ನಾನು ಬೇಡ ಅಂದೆ."

"ಯಾಕೆ?"

"ತಿಳ್ಕೊಳ್ಳೋ ಆಸೆ ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ." ಅವನು ಗಡ್ಡ ಉಜ್ಜಿಕೊಂಡ. "ಆದ್ರೆ ಅದು ನೀನು ಹೇಳಿದ್ರೆ ಮಾತ್ರ ನನ್ನದು. ಅವನ ಬಾಯಿಂದ ಕೇಳಿಸ್ಕೊಂಡಿದ್ರೆ ಕದ್ದ ಮಾಲು."

ಅವಳ ಕಣ್ಣು ಮಂಜಾಯಿತು. ‘ಎಷ್ಟು ದೊಡ್ಡ ಮೂರ್ಖ ಇವನು! ಅಷ್ಟು ತಿಳಿದವನಿಗೆ ಇಷ್ಟು ತಿಳಿಯಲಿಲ್ಲವೇ?’

"ಅವರು ಹೊರಗೆ ಹಾಕಿದಾಗ ಎಲ್ರೂ ಓದ್ತಾರೆ," ಅಂದಳು.

"ನಾನು ಓದಲ್ಲ."

"ಓದ್ತೀರಾ."

"ಇಲ್ಲ ಪಿಸು. ನೀನು ಓದು ಅನ್ನೋವರೆಗೂ ಓದಲ್ಲ. ಊರೆಲ್ಲ ಓದಿದ್ರೂ ನಾನು ಓದಲ್ಲ."

ಅವಳು ಕುರ್ಚಿ ತಿರುಗಿಸಿದಳು. ಅವನನ್ನು ನೇರ ನೋಡಿದಳು. ಒಳಕೋಣೆಯಲ್ಲಿ ಅಕ್ಕ ಯಾರಿಗೋ ಜೋರಾಗಿ ವಿವರಿಸುತ್ತಿದ್ದರು. ಬರೆಯಲು ಹಾಳೆಯಿಲ್ಲ, ಫೋನಿಲ್ಲ, ಬರೆದು ಅಳಿಸುವ ಅನುಕೂಲವಿಲ್ಲ.

"ಹಾಗಾದ್ರೆ ಅವರು ಹೇಳೋ ಮೊದಲು ನಾನೇ ಹೇಳಿಬಿಡ್ತೀನಿ."

"ಏನನ್ನ?"

ಒಮ್ಮೆ ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ, ಒಳಕೋಣೆಯ ಮಾತು ಥಟ್ಟನೆ ನಿಲ್ಲುವಷ್ಟು ಗಟ್ಟಿಯಾಗಿ ಹೇಳಿದಳು.

"ನಾನು ನಿಮ್ಮನ್ನ ಕ್ಷಮಿಸಿಲ್ಲ... ಆದ್ರೂ ಪ್ರೀತಿಸ್ತೀನಿ!"